ಬಾಗಿಲ ಹೊರಗಿನ ದನಿ

ದೀಪ ಕೆಂಪಾಯಿತು, ಇನ್ನು ಕೆಮ್ಮುವಂತಿಲ್ಲ, ಮಿಸುಕುವಂತಿಲ್ಲ, ಹೊಟ್ಟೆ ಗುರ್ ಎಂದರೂ ಮೈಕು ಕೇಳಿಸಿಕೊಳ್ಳುತ್ತದೆ, ಕೈಗಡಿಯಾರವನ್ನೂ ಹೊರಗೇ ಬಿಚ್ಚಿಟ್ಟು ಬಂದಿದ್ದೇನೆ, ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ನಾನು ಕಿರುಚಿದರೂ ಆಚೆ ಕೇಳದು — ಇಂಥ ಪುಸ್ತಕವನ್ನು ಗಟ್ಟಿಯಾಗಿ ಓದಲು ಇದಕ್ಕಿಂತ ಒಳ್ಳೆಯ ಕೋಣೆ ಬೇಕೇ, ನೆಲಮಾಳಿಗೆಯಲ್ಲಿ ಒಬ್ಬ ಹುಡುಗಿ, ಮೇಲೆ ಬೀಗದಕೈ ಹಿಡಿದ ಗಂಡಸು, ಈ ವರ್ಷ ನಾನು ದನಿ ಕೊಡುತ್ತಿರುವ ಮೂರನೆಯ ಅಪಹರಣ, ಇಂಥ ಆಡಿಯೋ ಪುಸ್ತಕಕ್ಕೆ ಕೇಳುಗರು ಮುಗಿಬೀಳುತ್ತಾರಂತೆ, ಬೀಳದೆ ಏನು, ನಾನೇ ಬೀಳುತ್ತೇನೆ, ಮನೆಯಲ್ಲೂ ಇವೇ, ಹೆಂಗಸ್ರನ್ನ ಕೂಡಿಹಾಕೋ ಕಥೆ ಬಿಟ್ಟು ಬೇರೆ ಸಿಗಲ್ವೇನೇ ನಿಂಗೆ ಎಂದು ನಮ್ಮ ಯಜಮಾನರು ದಿಂಬು ಮಗುಚುತ್ತ ಕೇಳುತ್ತಾರೆ, ಏನು ಹೇಳಲಿ, ನಾನು ಕಾಣೆಯಾದರೆ ಊಟದ ಹೊತ್ತಿನ ತನಕ ಯಾರಿಗೂ ಗೊತ್ತಾಗದು, ಅಲ್ಲಿ ಆ ಹುಡುಗಿಗಾಗಿ ಇಡೀ ಊರೇ ಎದ್ದು ಹುಡುಕುತ್ತದೆ, ಅಲ್ಲಿನ ಹೆದರಿಕೆಗೆ ಕೊನೆಯ ಪುಟ ಎಂಬುದಿದೆ, ಸಡಿಲವಾದ ಒಂದು ಮೊಳೆ ಅವಳ ಕೈಗೆ ಸಿಕ್ಕರೆ ನನ್ನ ಎದೆ ಹಾರುತ್ತದೆ, ಕೀಳು, ಕೀಳು ಮಗಳೇ, ಇಷ್ಟು ವರ್ಷವೂ ನಾನು ಓದಿದ್ದು ಬಾಗಿಲ ಒಳಗೆ ಕೂತೇ, ಈಗ ಅವನ ಮಾತು ಬಂತು, ದನಿ ಏರಿಸಬಾರದು, ಬೈಯುವವನಲ್ಲ ಅವನು — ಇಲ್ಲೇ ಇರು, ಈಗ ಬಂದೆ, ಇದೆಲ್ಲ ನಿನ್ನ ಒಳ್ಳೇದಕ್ಕೇ ತಾನೇ, ಅತ್ತೆ — ಅತ್ತೆ? ದೀಪ ಆರಿತು, ಗಾಜಿನಾಚೆ ರೆಕಾರ್ಡಿಸ್ಟ್, ನನಗಿಂತ ಹಿರಿಯನಾದರೂ ಅಕ್ಕ ಎನ್ನುವವನು, ಬಿದ್ದು ಬಿದ್ದು ನಗುತ್ತಿದ್ದಾನೆ, ಅಕ್ಕಾ, ಇವನು ಹುಡುಗೀನ ಕದ್ದಿದಾನೋ ಅತ್ತೇನ ಕದ್ದಿದಾನೋ, ಅತ್ತೇನ ಕದ್ದು ಯಾವ ಗಂಡಸು ಬದುಕಿದಾನೆ ಹೇಳಿ, ನಾನೂ ನಕ್ಕೆ, ನಗಬೇಕಲ್ಲ, ಆದ್ರೆ ದನಿ ಮಾತ್ರ ಸಖತ್ ಬಂತು ಅಕ್ಕ, ಎಷ್ಟು ಪ್ರೀತಿಯಿಂದ ಅಂತಾನೆ, ಮೈ ಜುಮ್ ಅಂತು, ಎಲ್ಲಿಂದ ಹಿಡಿದ್ರಿ ಅದನ್ನ.

ಎಲ್ಲಿಂದ, ಮನೆಯಿಂದ, ಮರೆವು ಹಿಡಿದ ಅತ್ತೆಯ ಕೋಣೆಗೆ ಬೆಳಿಗ್ಗೆ ಹೊರಗಿನಿಂದ ಚಿಲಕ ಹಾಕುವಾಗಿನ ನನ್ನದೇ ದನಿ ಅದು, ಹಾಕದೆ ಏನು ಮಾಡಲಿ, ಒಳಲಂಗದಲ್ಲೇ ದೊಡ್ಡ ರಸ್ತೆಗೆ ಹೋಗಿ ಬಸ್ಸಿನ ಮುಂದೆ ನಿಂತವರನ್ನು ಔಷಧಿ ಅಂಗಡಿಯವನು ಕೈಹಿಡಿದು ಕರೆತಂದ, ನೋಡಿಕೊಳ್ಳಲು ಬಂದವಳು ವಾರಕ್ಕೇ ಬಿಟ್ಟಳು, ಬೇರೆ ದಾರಿ ಏನಿದೆ ನೀನೇ ಹೇಳು ಎಂದರು ಇವರು, ಚಿಲಕ ತಂದದ್ದು ಇವರು, ಹಾಕುವುದು ನಾನು, ಒಳಗೆ ನೀರು, ಹಣ್ಣು, ಫ್ಯಾನು, ಎಲ್ಲ ಇಟ್ಟಿರುತ್ತೇನೆ — ಅವನೂ ಇಟ್ಟಿರುತ್ತಾನೆ, ಹಿಂದಿನ ಅಧ್ಯಾಯದಲ್ಲಿ ಓದಿದೆನಲ್ಲ, ಕಂಬಳಿ, ಬಿಸ್ಕತ್ತು, ಹುಡುಗಿಗೆ ಇಷ್ಟದ ಸೋಪು ಕೂಡ — ಒಳಗಿನಿಂದ ಅತ್ತೆ, ಯಾರಿದೀರಮ್ಮಾ, ಬಾಗಿಲು ತೆಗೀರಮ್ಮಾ, ನಮ್ಮನೆಯವರು ಕಾಯ್ತಿರ್ತಾರೆ, ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರಿಗೆ ಈಗ ನಾನು ಯಾರೋ ಒಬ್ಬಳು, ಚಿಲಕದವಳು, ಆಮೇಲೆ ಬಾಗಿಲ ಕೆಳಗಿನ ಸಂದಿಯಿಂದ ಅವರ ಬೆರಳುಗಳು ಬರುತ್ತವೆ, ನೆಲ ತಡಕುತ್ತವೆ, ನಾನು ಚಪ್ಪಲಿ ಮೆಟ್ಟಿದ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತೇನೆ, ಮೆಲ್ಲಗೆ, ಅವರಿಗೆ ಗೊತ್ತಾಗದ ಹಾಗೆ, ಇನ್ನೊಂದ್ಸಲ ತಗೊಳ್ಳೋಣ ಅಕ್ಕ, ಅತ್ತೆ ಬಿಟ್ಟು, ಅದೇ ದನೀಲಿ, ಅದೇ ಪ್ರೀತೀಲಿ — ಎದ್ದು ಮನೆಗೆ ಓಡಲೇ, ಓಡಿ ಬಾಗಿಲು ತೆಗೆಯಲೇ, ತೆಗೆದರೆ ರಸ್ತೆ, ಬಸ್ಸು, ತೆಗೆಯದಿದ್ದರೆ ನಾನು, ಹೂಂ ಅಕ್ಕ, ರೆಕಾರ್ಡಿಂಗ್ ಓಡ್ತಾ ಇದೆ, ಇಲ್ಲೇ ಇರು ಎನ್ನಬೇಕು, ಈಗ ಬಂದೆ ಎನ್ನಬೇಕು, ಇಲ್ಲೇ — ಬೆರಳುಗಳು, ಅಕ್ಕಾ ಓದಿ, ಇಲ್ಲೇ — ಸಂದಿಯಲ್ಲಿ ನಾಲ್ಕು ಬೆರಳು, ಭಾನುವಾರ ತೊಡೆಯ ಮೇಲಿಟ್ಟುಕೊಂಡು ನಾನೇ ಉಗುರು ಕತ್ತರಿಸಿದ ಬೆರಳು, ನೆಲ ತಡಕುತ್ತ, ನನ್ನ ಕಾಲಿಗಾಗಿ