ಸಾರದೆ ಉಳಿದ ಸುದ್ದಿ

ಶಿಡ್ಲಘಟ್ಟದಲ್ಲಿ ಯಾರೇ ಸತ್ತರೂ, ಆ ಸುದ್ದಿ ಮುನಿವೆಂಕಟಪ್ಪನ ಬಾಯಿಂದ ಬಂದ ಮೇಲೆಯೇ ಅವರು ಸತ್ತದ್ದು ಖಾತ್ರಿ ಎಂದು ಜನ ತಮಾಷೆ ಮಾಡುತ್ತಿದ್ದರು. ನೆತ್ತಿಯ ಮೇಲೆ ಎರಡು ಮೈಕು ಕಟ್ಟಿದ ಆಟೊದಲ್ಲಿ ಕೂತು ಅವನು ಊರಿಗೆಲ್ಲ ಸುದ್ದಿ ಸಾರುತ್ತಿದ್ದ. ಪೋಲಿಯೊ ಹನಿ, ಕಂದಾಯ ಕಟ್ಟುವ ಕೊನೆಯ ದಿನ, ರೇಷ್ಮೆಗೂಡಿನ ಮಾರುಕಟ್ಟೆಯ ರಜೆ, ತಪ್ಪಿಸಿಕೊಂಡ ಎಮ್ಮೆ, ಎಲ್ಲಕ್ಕೂ ಅದೇ ಕಂಚಿನ ಕಂಠ. ಸಾವಿನ ಸುದ್ದಿಗೆ ಮಾತ್ರ ಅದು ಒಂಚೂರು ತಗ್ಗುತ್ತಿತ್ತು.

ಅಂಥವನು ಮನೆಗೆ ಬಂದರೆ ಮಾತೇ ಇಲ್ಲ. ದವಡೆಗೆ ಒಂದು ಚೂರು ಕಲ್ಲುಸಕ್ಕರೆ ಒತ್ತಿಕೊಂಡು ಹೆಂಡತಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದ. ಬಾಯಿ ಬಿಟ್ಟರೆ, ಇಳಿದ ದನಿಯಲ್ಲಿ, ಅವನ ತಾಯಿಯ ತೆಲುಗಿನಲ್ಲಿ, "ಏಮೇ, ತಿಂಟಿವಾ?" ಎನ್ನುತ್ತಿದ್ದ. ಉಂಡೆಯಾ ಎಂದು ಕೇಳಿದ್ದಷ್ಟೆ. ಅಲ್ಲಿಗೆ ಆ ದಿನದ ಸಂಸಾರದ ಮಾತು ಮುಗಿಯಿತು. "ಊರಿಗೆಲ್ಲ ಮಾತು, ನಮ್ಗೆ ಮಾತ್ರ ಮೂಗಬಸವ" ಎಂದು ಮುನಿಶಾಮಮ್ಮ ಮದುವೆಯಾದ ಲಾಗಾಯ್ತಿನಿಂದ ಗೊಣಗುತ್ತಿದ್ದಳು. ಆ ಗೊಣಗಾಟದಲ್ಲಿ ಅರ್ಧ ತಮಾಷೆ, ಅರ್ಧ ನಿಜವಾದ ನೋವು.

ಕೊರೊನಾದ ಎರಡನೇ ಅಲೆಯಲ್ಲಿ, ಎಲ್ಲರೂ ಮನೆಯಲ್ಲೇ ಇರಿ ಎಂದು ಸಾರುತ್ತ ಸಾರುತ್ತ ಮನೆಯಲ್ಲಿ ಇರದವನು ಅವನೊಬ್ಬನೇ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಮನೆಯವರಿಗೆ ಮುಖವನ್ನೂ ತೋರಿಸಲಿಲ್ಲ; ಯಾರೋ ನಾಲ್ಕು ಜನ ಮುಸುಕು ಹಾಕಿಕೊಂಡು ಮಣ್ಣು ಮಾಡಿದರಂತೆ. ಊರಿನ ಸಾವನ್ನೆಲ್ಲ ಸಾರಿದವನ ಸಾವನ್ನು ಸಾರುವವರು ಯಾರೂ ಇರಲಿಲ್ಲ. ಆ ದಿನಗಳಲ್ಲಿ ಸರ್ಕಾರದ ಸುದ್ದಿಗಲ್ಲದೆ ಆಟೊ ಬೀದಿಗೆ ಇಳಿಯುವಂತಿರಲಿಲ್ಲ, ಇಳಿದರೂ ಮೈಕು ಹಿಡಿಯುವವನೇ ಹೋಗಿದ್ದ.

ಅದರ ಫಲ ಮುನಿಶಾಮಮ್ಮನ ತಲೆಗೆ ಬಂತು. ಗಂಡನ ಮೊಬೈಲನ್ನು ಆಕೆ ಇನ್ನೂ ಚಾಲ್ತಿಯಲ್ಲಿ ಇಟ್ಟಿದ್ದಳು. ಸುತ್ತಲ ಹಳ್ಳಿಗಳಿಂದ ಇವತ್ತಿಗೂ ಕರೆ ಬರುತ್ತದೆ: ಅಣ್ಣ ಇದಾರಾ, ಒಂದು ಪ್ರಚಾರ ಇತ್ತು. ಇಲ್ಲ ಎನ್ನುತ್ತಾಳೆ. ಎಷ್ಟೊತ್ತಿಗೆ ಬರ್ತಾರೆ ಎನ್ನುತ್ತಾರೆ. ಆಗ ಎಲ್ಲವನ್ನೂ ಮೊದಲಿಂದ ಹೇಳಬೇಕು. ಹೇಳಿ ಫೋನ್ ಇಟ್ಟಾಗ ಅವನು ಅವತ್ತೇ ಸತ್ತ ಹಾಗೆ ಆಗುತ್ತದೆ. ನಾಲ್ಕು ವರ್ಷದಿಂದ ಆಕೆಯ ಗಂಡ ಹೀಗೆ ಕಂತುಕಂತಾಗಿ ಸಾಯುತ್ತಿದ್ದ.

ಮಗಳು ತನುಜ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ತೀರಿಹೋದವರ ದನಿ ಕೊಟ್ಟರೆ ಅವರ ಹಾಗೇ ಮಾತಾಡುವ ಆ್ಯಪ್ ಬಂದಿದೆ ಎಂದು ಗೊತ್ತಾದಾಗ, ಅಪ್ಪ ಸಾರುವುದಕ್ಕೆಂದು ದನಿ ತುಂಬಿಟ್ಟಿದ್ದ ಮೆಮೊರಿ ಕಾರ್ಡುಗಳನ್ನೆಲ್ಲ ಅದಕ್ಕೆ ಉಣಿಸಿದಳು. ಅಮ್ಮನಿಗೆ ಒಂದು ಜೊತೆ ಆದೀತು ಎಂಬುದು ಅವಳ ಆಸೆ. ಒಂದು ಭಾನುವಾರ ಫೋನನ್ನು ಅಮ್ಮನ ಮುಂದಿಟ್ಟು, ಅಪ್ಪನ ಹತ್ತಿರ ಏನಾದರೂ ಮಾತಾಡು ಎಂದಳು.

ಮುನಿಶಾಮಮ್ಮ ಸೆರಗು ಸರಿಮಾಡಿಕೊಂಡಳು. ಊಟ ಆಯ್ತಾ ಎಂದು ಕೇಳಿದಳು.

"ಆತ್ಮೀಯ ಬಂಧುಗಳೇ, ದಯವಿಟ್ಟು ಗಮನಿಸಿ" ಎಂದಿತು ಫೋನು. "ನನ್ನ ಊಟ ಆಗಿದೆ. ತಾವೂ ಸಹ ತಪ್ಪದೆ ಸಕಾಲದಲ್ಲಿ ಊಟ ಮಾಡಬೇಕಾಗಿ ವಿನಂತಿ."

ಅವನದೇ ದನಿ. ಸಾಲಿನ ಕೊನೆಯನ್ನು ಎಳೆಯುವುದೂ ಅವನದೇ. ಮುನಿಶಾಮಮ್ಮ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅದೇ ಉಸಿರಿನಲ್ಲಿ ಅತ್ತಳು. ತನುಜಳ ಮುಖ ಸಪ್ಪಗಾಯಿತು. ಪಾಪ, ಅವಳ ತಪ್ಪೇನಿದೆ? ಇಟ್ಟದ್ದನ್ನು ತಾನೇ ಅದು ಬಡಿಸುವುದು. "ಏಮೇ, ತಿಂಟಿವಾ" ಯಾವ ಕಾರ್ಡಿನಲ್ಲೂ ಇರಲಿಲ್ಲ. ಮನೆಯ ಮುನಿವೆಂಕಟಪ್ಪ ಮುನಿಶಾಮಮ್ಮನ ಕಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಕಣ್ಣೊರೆಸಿಕೊಂಡು ಆಕೆ ಬೇರೊಂದು ಕೇಳಿದಳು. ನಾವು ಹೇಳಿಕೊಟ್ಟದ್ದನ್ನು ಇದು ಹೇಳುತ್ತದೆಯೇ? ಬರೆದುಕೊಟ್ಟರೆ ಓದುತ್ತದೆ ಎಂದಳು ತನುಜ.

"ಹಂಗಾದ್ರೆ ಅವ್ರ ಸುದ್ದೀನ ಅವ್ರ ಕೈಲೇ ಸಾರಿಸ್ಬಿಡಮ್ಮ. ಒಂದ್ಸಲ ಊರಿಗೆಲ್ಲ ಗೊತ್ತಾಗೋಗ್ಲಿ. ನನ್ ಕೈಲಿ ಇನ್ನ ಒಬ್ಬೊಬ್ರಿಗೇ ಹೇಳಕ್ಕಾಗಲ್ಲ."

ಸತ್ತವರೇ ತಮ್ಮ ಸಾವು ಸಾರುತ್ತಾರಾ ಎಂದು ತನುಜ ಹೌಹಾರಿದಳು. ಮತ್ತೆ ಯಾರು ಸಾರಬೇಕು, ನೀನಾ ನಾನಾ ಎಂದಳು ತಾಯಿ. ಆಕೆಗೆ ಸಾರುವುದಂತೂ ಸಾಧ್ಯವೇ ಇರಲಿಲ್ಲ, ಯಾಕೆಂದರೆ ಮುನಿಶಾಮಮ್ಮ ಗಂಡನ ಹೆಸರನ್ನು ಹುಟ್ಟಿದ ಮೇಲೆ ಒಂದು ಸಲವೂ ಬಾಯಲ್ಲಿ ಆಡಿದವಳಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಆಕೆಯ ತಾಯಿ ಹೇಳಿಕೊಟ್ಟಿದ್ದಳು. ರೇಷನ್ ಅಂಗಡಿಯಲ್ಲಿ ಕೇಳಿದರೆ ಮಗಳನ್ನು ಮುಂದೆ ತಳ್ಳುತ್ತಿದ್ದಳು. ವೆಂಕಟರಮಣಸ್ವಾಮಿಯ ಹೆಸರಲ್ಲೂ ಗಂಡನ ಹೆಸರಿನ ತುಂಡಿದೆ ಎಂದು ಆ ದೇವರನ್ನೂ ಬಿಡದೆ "ತಿರುಪ್ತಿ ಸಾಮಿ" ಮಾಡಿದ್ದಳು. ಕಮ್ಮಿಯಾಗಲು ಆಯಸ್ಸೇ ಉಳಿಯದಿದ್ದರೂ ನಾಲಗೆ ತನ್ನ ಪಥ್ಯ ಬಿಟ್ಟಿರಲಿಲ್ಲ.

ತಿಥಿಯ ದಿನ ಎಡೆ ಇಟ್ಟಾದ ಮೇಲೆ ಕೆಂಪರಾಜು ಆಟೊ ತಂದ. ಮುನಿವೆಂಕಟಪ್ಪ ಮೈಕು ಹಿಡಿದಷ್ಟು ಕಾಲವೂ ಆಟೊ ಓಡಿಸಿದವನು ಅವನು. ಫೋನನ್ನು ಮೈಕಿಗೆ ಹೊಂದಿಸಿ, ಹಿಂದೆ ತಾಯಿ ಮಗಳನ್ನು ಕೂರಿಸಿಕೊಂಡು, ಹಳೆಯ ಅಭ್ಯಾಸದಂತೆ ನಡಿಗೆಯ ವೇಗದಲ್ಲಿ ಹೊರಟ.

"ಆತ್ಮೀಯ ಬಂಧುಗಳೇ, ದಯವಿಟ್ಟು ಗಮನಿಸಿ. ಪ್ರಚಾರದ ಮುನಿವೆಂಕಟಪ್ಪನವರು ದೈವಾಧೀನರಾಗಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ."

ದನಿ ಎಲ್ಲೂ ತಗ್ಗಲಿಲ್ಲ; ಸಾವಿನ ಸುದ್ದಿಯನ್ನು ಅವನು ಕಾರ್ಡಿಗೆ ತುಂಬದೆ ಬಾಯಲ್ಲೇ ಹೇಳುತ್ತಿದ್ದ. ಕಂದಾಯ ಕಟ್ಟಿ ಎನ್ನುವಾಗ ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿ. ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಒಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು, ಕೆಲವರು ಮುಖ ಮುಖ ನೋಡಿಕೊಂಡು ನಕ್ಕರು. ಮುನಿಶಾಮಮ್ಮ ತಲೆ ತಗ್ಗಿಸಿ ಕೂತಿದ್ದಳು. ಹೀಗಲ್ಲ, ಅವರು ಹೀಗೆ ಹೇಳುತ್ತಿರಲಿಲ್ಲ ಎಂದು ಆಕೆಯ ಮನಸ್ಸು ಹೇಳುತ್ತಿತ್ತು.

ಗೂಡಿನ ಮಾರುಕಟ್ಟೆಯ ಹತ್ತಿರ ಜನರ ನಡುವಿನಿಂದ ಒಬ್ಬ ಮುದುಕ ಟವೆಲು ಬೀಸುತ್ತ ಆಟೊಗೆ ಅಡ್ಡ ಬಂದ. ದಿಬ್ಬೂರಹಳ್ಳಿಯ ವೆಂಕಟರಾಮಪ್ಪ, ಗೂಡು ಮಾರಲು ಬಂದಾಗೆಲ್ಲ ಮುನಿವೆಂಕಟಪ್ಪನ ಜೊತೆ ಟೀ ಕುಡಿಯದೆ ಊರಿಗೆ ಹೋದವನಲ್ಲ. ಕಾಲು ಮುರಿದು ಮೂಲೆಗೆ ಬಿದ್ದಿದ್ದವನು ವರ್ಷಗಳ ಮೇಲೆ ಅವತ್ತೇ ಊರಿನಿಂದ ಹೊರಬಿದ್ದಿದ್ದ. ಮುಖವೆಲ್ಲ ನಗೆ.

"ಏಮಪ್ಪಾ ಕೆಂಪರಾಜು, ಎಲ್ಲಿ ನಮ್ಮೋನು? ದೂರದಿಂದ್ಲೇ ದನಿ ಕೇಳ್ತು, ಓಡಿ ಬಂದೆ" ಎನ್ನುತ್ತ ಆಟೊದೊಳಗೆ ಬಗ್ಗಿ ನೋಡಿದ. ಗೆಳೆಯನನ್ನು ಕಾಣದೆ ಮುನಿಶಾಮಮ್ಮನ ಕಡೆಗೆ ತಿರುಗಿದ. "ಇವತ್ತು ಯಾರು ಹೋದ್ರಂತಮ್ಮ?"

ಮೇಲಿನ ಮೈಕು ಅದೇ ಹೊತ್ತಿಗೆ ಆ ಹೆಸರನ್ನು ಮತ್ತೊಮ್ಮೆ ಕೂಗಿತು. ಮುದುಕ ಉತ್ತರಕ್ಕೆ ಕಾಯುತ್ತ ನಗುತ್ತಲೇ ಇದ್ದ. ಗೆಳೆಯನ ದನಿಯಲ್ಲೇ ಬಂದ ಆ ಸುದ್ದಿಯನ್ನು ಅವನ ಕಿವಿ ಒಪ್ಪಲೇ ಇಲ್ಲ. ಸಾರುವವನು ಬದುಕಿದ್ದಾನೆ, ಸತ್ತವನು ಬೇರೆ ಯಾರೋ. ಊರು ಇಷ್ಟು ಕಾಲ ನಂಬಿದ್ದು ಅದನ್ನೇ. ಮುನಿಶಾಮಮ್ಮನಿಗೂ ಆಗ ಹೊಳೆಯಿತು, ತಾನೂ ಒಳಗೊಳಗೆ ನಂಬಿದ್ದು ಅದನ್ನೇ ಎಂದು.

"ಕೆಂಪರಾಜು, ಅದನ್ನ ಆರ್ಸಪ್ಪ" ಎಂದಳು.

ಮೈಕಿನ ದನಿ ನಿಂತು ಬೀದಿ ಗಕ್ಕನೆ ಖಾಲಿಯಾದಂತಾಯಿತು. ಆಕೆ ಮೈಕಿಗೆ ಕೈ ಚಾಚಿದಳು. ಗಂಡನ ಬೆರಳು ಸವೆಸಿದ ಜಾಗದಲ್ಲೇ ಆಕೆಯ ಬೆರಳು ಕೂತಿತು.

"ಮುನಿ..." ಎಂದು ತಡೆದಳು. "ಮುನಿವೆಂಕಟಪ್ಪ. ನಮ್ಮನೆಯವ್ರು. ತೀರ್ಕೊಂಡು ನಾಲ್ಕ್ ವರ್ಷ ಆಯ್ತು. ನಾನು ಅವ್ರ ಹೆಂಡ್ತಿ ಹೇಳ್ತಾ ಇದೀನಿ."

ದನಿ ಎಲ್ಲಿ ತಗ್ಗಬೇಕೋ ಅಲ್ಲಿ ತಾನಾಗಿಯೇ ತಗ್ಗಿತ್ತು. ವೆಂಕಟರಾಮಪ್ಪನ ಮುಖದ ನಗೆ ನಿಧಾನವಾಗಿ ಇಳಿಯಿತು. ಅವನು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಆಟೊದ ಮೆಟ್ಟಿಲ ಮೇಲೆ ಕುಸಿದು ಕೂತ. ಗೂಡು ತಂದ ರೈತರು ಒಬ್ಬೊಬ್ಬರಾಗಿ ಸುತ್ತ ಬಂದು ನಿಂತರು, ಸಾವಿನ ಮನೆಯ ಮುಂದೆ ನಿಲ್ಲುವ ಹಾಗೆ. ಯಾರೋ ಮುನಿಶಾಮಮ್ಮನ ಕೈ ಹಿಡಿದುಕೊಂಡರು. ನಾಲ್ಕು ವರ್ಷದ ಹಿಂದೆ ಯಾರೂ ಬಂದು ಹಿಡಿಯಲಾಗದಿದ್ದ ಕೈ ಅದು.

ಒಂದು ಬೀದಿಯಲ್ಲಿ ಸಾರಿದ್ದನ್ನು ಮುಂದಿನ ಬೀದಿಯಲ್ಲೂ ಸಾರಬೇಕು. ಅದು ಆ ಕೆಲಸದ ಧರ್ಮ. ಕೆಂಪರಾಜು ಗಾಡಿ ಮುಂದಕ್ಕೆ ಬಿಟ್ಟ. ವೆಂಕಟರಾಮಪ್ಪನೂ ಹತ್ತಿ ಕೂತ. ಬೀದಿಯಿಂದ ಬೀದಿಗೆ ಮುನಿಶಾಮಮ್ಮ ಗಂಡನ ಹೆಸರು ಹೇಳಿದಳು. ಹೇಳಿದಷ್ಟೂ ಅದು ನಾಲಗೆಗೆ ಹಗುರಾಗುತ್ತ, ಎದೆಗೆ ಭಾರವಾಗುತ್ತ ಹೋಯಿತು.

ಸಂಜೆ ಮನೆಗೆ ಬರುವಷ್ಟರಲ್ಲಿ ಗಂಟಲು ಪೂರ್ತಿ ಕಟ್ಟಿತ್ತು. ಗೋಡೆಗೆ ಒರಗಿ ಕಾಲು ಚಾಚಿದಳು. ಅಪ್ಪನ ದನಿ ಅಳಿಸಿಬಿಡಲಾ ಎಂದು ತನುಜ ಮೆಲ್ಲಗೆ ಕೇಳಿದಳು. ಮುನಿಶಾಮಮ್ಮ ಬೇಡವೆಂದು ತಲೆಯಾಡಿಸಿದಳು. ಪೋಲಿಯೊ ಹನಿಗಾದರೂ ಆಗಲಿ ಎಂಬಂತೆ ಮಗುವಿಗೆ ಹನಿ ಹಾಕುವ ಸನ್ನೆ ಮಾಡಿ ನಕ್ಕಳು. ಬಾಯಿ ಬಿಟ್ಟು ಹೇಳುವ ಮನಸ್ಸೇ ಆಗಲಿಲ್ಲ. ಬೀದಿಬೀದಿಯಲ್ಲಿ ಸುದ್ದಿ ಕೇಳಿ ಬಾಡಿದ ಅಷ್ಟು ಮುಖಗಳು ಕಣ್ಣ ಮುಂದಿದ್ದವು.

ಮಗಳು ಡಬ್ಬಿಯಿಂದ ಒಂದು ಚೂರು ಕಲ್ಲುಸಕ್ಕರೆ ತಂದುಕೊಟ್ಟಳು. ಅದನ್ನು ದವಡೆಗೆ ಒತ್ತಿಕೊಂಡು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸರಿದು ಕೂತಳು. ಊರಿಗೆಲ್ಲ ಸಾವು ಸಾರಿ ಬಂದ ಮನುಷ್ಯ ಮನೆಯಲ್ಲಿ ಯಾಕೆ ಮಾತಾಡುತ್ತಿರಲಿಲ್ಲ ಎಂದು ಅವತ್ತು ಆಕೆಗೆ ಗೊತ್ತಾಯಿತು.