ಒಂದೇ ಕಡೆಗೆ ಕೇಳಿಸುವ ಫೋನು

ಹೊಸ ಅಂಗಡಿ ತಾನು ನೋಡಿಕೊಳ್ಳುತ್ತೇನೆಂದರೆ ಭಾವ ಈ ಸಲವೂ ಬೇಡ ಎಂದುಬಿಟ್ಟರೆ? ಬೇಡ ಎನ್ನುವುದು ಅವರಿಗೆ ಹೊಸದಲ್ಲ. ಕಣ್ಣಿನ ಪರೀಕ್ಷೆ ಕಲಿಯಲು ಹೋಗುತ್ತೇನೆಂದಾಗ ಬೇಡ ಎಂದಿದ್ದರು. ಬೇರೆ ಊರಿನಲ್ಲಿ ಲೆನ್ಸ್ ತಯಾರಿಸುವವರು ಕೆಲಸಕ್ಕೆ ಕರೆದಾಗಲೂ ಬೇಡ ಎಂದಿದ್ದರು. ಎರಡು ಸಲವೂ ಆ ಸುದ್ದಿ ತಂದವಳು ಅಕ್ಕ. ತರುವಾಗ ಅವಳ ಮುಖ ಅವನದಕ್ಕಿಂತ ಸಪ್ಪಗಿತ್ತು. ಆದರೆ ಇವತ್ತು ಹೊಸ ಅಂಗಡಿಯ ಬೀಗದ ಕೈಯನ್ನು ಭಾವನೇ ಅವನ ಅಂಗೈಯಲ್ಲಿಟ್ಟಿದ್ದಾರೆ. ಅದಕ್ಕೇನಾದರೂ ಅರ್ಥವಿದೆಯೇ? ಫೋನು ಜೋಡಿಸಲು ಹೋಗುವವನಿಗೆ ಬಾಗಿಲು ತೆಗೆಯಲು ಬೀಗದ ಕೈ ಬೇಕು, ಅಷ್ಟೇ ಇರಬಹುದು.

ಹೊಸ ಅಂಗಡಿಯಲ್ಲಿ ಇನ್ನೂ ಬಣ್ಣದ ವಾಸನೆಯಿತ್ತು. ಕನ್ನಡಕದ ಫ್ರೇಮುಗಳನ್ನು ಸಿಕ್ಕಿಸುವ ಗೋಡೆ ಬೋಳಾಗಿತ್ತು. ಅವನು ನೆಲದ ಮೇಲೆ ಕೂತು ಲ್ಯಾಪ್‌ಟಾಪನ್ನು ರಟ್ಟಿನ ಪೆಟ್ಟಿಗೆಯ ಮೇಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಇಂಟರ್‌ನೆಟ್ ಫೋನು. ಊರಿನ ಆ ತುದಿಯಲ್ಲಿ ಅಕ್ಕ, ಭಾವ ನಡೆಸುವ ಹಳೆಯ ಅಂಗಡಿಯಲ್ಲಿ ಫೋನುಗಳನ್ನೆಲ್ಲ ಜೋಡಿಸುವ ಒಂದು ಪುಟ್ಟ ಯಂತ್ರವಿತ್ತು, ಅದರ ಮುಂದೆ ಒಂದು ರೌಟರ್. ಎರಡು ಅಂಗಡಿಗಳೂ ಒಂದೇ ಮನೆಯ ಎರಡು ಕೋಣೆಗಳಂತೆ ಮಾತಾಡಿಕೊಳ್ಳಬೇಕು ಎಂಬುದು ಭಾವನ ಆಸೆ. ತತ್ವಶಾಸ್ತ್ರ ಓದಿ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಬಾಮೈದನಿಗೆ ಅವರು ಇಟ್ಟ ಹೆಸರು ಪ್ರೊಫೆಸರು. "ಪ್ರೊಫೆಸರ್ರೇ, ಜೀವಾತ್ಮ ಪರಮಾತ್ಮನ್ನೇ ಜೋಡಿಸೋರು ನೀವು, ಎರಡು ಫೋನು ಜೋಡಿಸೋಕಾಗಲ್ವಾ?" ಎಂದು ಕಳಿಸಿದ್ದರು.

ಕರೆ ಹೋಯಿತು. ಅಲ್ಲಿ ಗಂಟೆ ಹೊಡೆಯಿತು. ಅಕ್ಕ ಎತ್ತಿದಳು.

"ಹಲೋ? ಹಲೋ? ಏನೂ ಕೇಳಿಸ್ತಿಲ್ವಲ್ಲೋ."

ಅವಳ ದನಿ ಅವನಿಗೆ ಪಕ್ಕದಲ್ಲೇ ಕೂತಂತೆ ಕೇಳಿಸುತ್ತಿತ್ತು. ಅವನು ಮೊಬೈಲಿನಿಂದ ಅಕ್ಕನ ಮೊಬೈಲಿಗೆ ಮಾಡಿದ. "ಅಕ್ಕಾ, ಅದನ್ನ ಇಡಬೇಡ. ಹಾಗೇ ಮೇಜಿನ ಮೇಲೆ ಬಿಡು. ಲೈನು ತೆರೆದಿದ್ರೆ ತಪ್ಪೆಲ್ಲಿದೆ ಅಂತ ಇಲ್ಲಿಂದ ನೋಡಬಹುದು."

"ಸರಿಯಪ್ಪ, ಸತ್ತ ಫೋನನ್ನ ಮಲಗಿಸಿಟ್ಟಿರ್ತೀನಿ," ಎಂದು ಅವಳು ಮೊಬೈಲು ಇಟ್ಟಳು.

ತಪ್ಪು ಬೇಗ ಸಿಕ್ಕಿತು. ಮನೆಯೊಳಗಿನ ವಿಳಾಸವನ್ನು ಅಳಿಸಿ ಹೊರಗಿನವರಿಗೆ ಗೊತ್ತಾಗುವ ವಿಳಾಸ ಬರೆದು ಕಳಿಸುವುದು ರೌಟರಿನ ಕೆಲಸ. ಆದರೆ ಅಲ್ಲಿನ ಯಂತ್ರ 'ನಿನ್ನ ಧ್ವನಿಯನ್ನು ಇಲ್ಲಿಗೆ ಕಳಿಸು' ಎಂದು ಕರೆಯ ಒಳಗೇ ತನ್ನ ಒಳವಿಳಾಸವನ್ನು ಹೇಳುತ್ತಿತ್ತು, ಬೀದಿಯ ಹೆಸರಿಲ್ಲದೆ ಬರೀ ಕೋಣೆಯ ಹೆಸರು ಕೊಟ್ಟಂತೆ. ಅಕ್ಕನ ದನಿ ಇಲ್ಲಿಗೆ ಸಲೀಸಾಗಿ ಬರುತ್ತಿತ್ತು; ಇವನ ದನಿ ಇಂಥ ಕೋಣೆ ಎಲ್ಲಿದೆಯೆಂದು ತಿಳಿಯದೆ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಅವನು ಇಲ್ಲಿಂದಲೇ ಅಲ್ಲಿನ ಯಂತ್ರದೊಳಗೆ ಹೋಗಿ ಹೊರವಿಳಾಸ ತುಂಬಿದ, ಧ್ವನಿ ಬರುವ ದಾರಿಗಳನ್ನು ರೌಟರಿನಲ್ಲಿ ತೆರೆದ. ಉಳಿಸು ಎಂಬ ಗುಂಡಿ ಒತ್ತುವುದೊಂದು ಬಾಕಿ.

"ಅವನಿಗೆ ಯಾವಾಗ ಹೇಳೋದು?" ಎಂದರು ಫೋನಿನೊಳಗಿಂದ ಭಾವ.

ಬೆರಳು ನಿಂತಿತು.

"ಏನು ಹೇಳೋದು?" ಅಕ್ಕ.

"ಹೊಸ ಅಂಗಡಿ ಅವನೇ ನೋಡ್ಕೋತಾನೆ ಅಂತ. ಬೀಗದ ಕೈ ಕೊಟ್ಟಾಗ ಮುಖ ನೋಡ್ಬೇಕಿತ್ತು ನೀನು."

"ಬೇಡ ರೀ."

"ಮತ್ತೆ ಶುರು ಮಾಡಿದ್ಯಾ?"

"ಅವನು ಗಿರಾಕಿ ಮುಂದೆ ಕಂಬದ ಹಾಗೆ ನಿಲ್ತಾನೆ. ಮೊನ್ನೆ ಒಬ್ಬರಿಗೆ ಈ ಫ್ರೇಮು ನಿಮ್ಮ ಮೂಗಿಗೆ ಹೊಂದಲ್ಲ ಅಂದ."

"ಹೊಂದ್ತಿರಲಿಲ್ಲ ಕಣೇ, ನಿಜವಾಗ್ಲೂ."

"ನಗಬೇಡಿ. ನನ್ನ ತಮ್ಮ, ನನಗೆ ಗೊತ್ತಿಲ್ವಾ? ಒಬ್ಬನೇ ಬಿಟ್ರೆ ಅಂಗಡೀನೂ ಮುಳುಗಿಸ್ತಾನೆ, ತಾನೂ ಮುಳುಗ್ತಾನೆ. ಹಿಂದಿನ ಕೋಣೇಲಿ ಕಣ್ಣೆದುರಿಗೆ ಇದ್ರೆ ನನಗೆ ನೆಮ್ಮದಿ."

"ಹಾಗಾದ್ರೆ ನೀನೇ ಹೇಳು. ಪರೀಕ್ಷೆ ಕಲಿಯೋದು ಬೇಡ ಅಂದವಳು ನೀನು, ಆ ಊರಿನ ಕೆಲಸ ಬೇಡ ಅಂದವಳೂ ನೀನು, ಬೈಸಿಕೊಂಡವನು ಮಾತ್ರ ನಾನು. ಆ ಹುಡುಗ ನನಗೆ ಮುಖ ಕೊಟ್ಟು ಮಾತಾಡಲ್ಲ ಈಗ."

"ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡ್ರೆ ನಾನಿದೀನಿ ಸಮಾಧಾನ ಮಾಡೋಕೆ. ನನ್ನ ಮೇಲೇ ಸಿಟ್ಟು ಬಂದ್ರೆ ಅವನಿಗೆ ಯಾರಿದಾರೆ, ಹೇಳಿ?"

ಡ್ರಾಯರ್ ಎಳೆದ ಸದ್ದು, ಕನ್ನಡಕದ ಡಬ್ಬಿಗಳನ್ನು ಒಂದರ ಮೇಲೊಂದು ಇಡುವ ಸದ್ದು ಬಂತು. ಆಮೇಲೆ ಭಾವ, "ಆಯ್ತು. ಖಳನಾಯಕನ ಪಾತ್ರ ನನಗೇ ಇರಲಿ. ಮೇಕಪ್ ಖರ್ಚಿಲ್ಲ," ಎಂದರು.

ಅವನು "ಅಕ್ಕಾ" ಎಂದು ಕರೆದ. ಯಾಕೆ ಕರೆದನೋ ತಿಳಿಯಲಿಲ್ಲ. ಆ ಕರೆ ಅಲ್ಲಿಗೆ ತಲುಪುವುದಿಲ್ಲವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಎದ್ದು ಬೋಳು ಗೋಡೆಯ ತನಕ ಹೋಗಿ ಬಂದ. ಇಷ್ಟು ವರ್ಷ ತಪ್ಪು ಮನುಷ್ಯನನ್ನು ದ್ವೇಷಿಸಿದ್ದಾಯಿತು. ಈಗ ಸರಿಯಾದ ಮನುಷ್ಯರನ್ನು ದ್ವೇಷಿಸೋಣವೆಂದರೆ ಅವಳು ಅಕ್ಕ. ಗುಂಡಿ ಒತ್ತಿ, ಕರೆ ಕತ್ತರಿಸಿ, ಮತ್ತೆ ಮಾಡಿದ.

"ಈಗ ಕೇಳಿಸ್ತಿದ್ಯಾ?"

"ಅಯ್ಯೋ, ಗಂಟೆ ಹೊಡೆದ ಹಾಗಿದೆ ಕಣೋ," ಎಂದಳು ಅಕ್ಕ. "ರೀ, ಬನ್ನಿ ಇಲ್ಲಿ, ನನ್ನ ತಮ್ಮ ಮಾಡೇಬಿಟ್ಟ."

ಸಂಜೆ ಅವನು ಹಳೆಯ ಅಂಗಡಿಗೆ ಬಂದಾಗ ಭಾವ ಫ್ರೇಮುಗಳನ್ನು ಒರೆಸುತ್ತಿದ್ದರು. ತಲೆಯೆತ್ತದೆ ಹೇಳಿದರು: "ಹೊಸ ಅಂಗಡಿಗೆ ಬೇರೆ ಜನ ನೋಡ್ತಿದೀನಿ ಕಣಯ್ಯ. ನೀನು ಅಲ್ಲಿಗೆಲ್ಲ ಸರಿಹೋಗಲ್ಲ." ದನಿ ಗಡುಸು ಮಾಡಿಕೊಂಡಿದ್ದರು. ಒರೆಸಿದ ಫ್ರೇಮನ್ನೇ ಮತ್ತೆ ಒರೆಸುತ್ತಿದ್ದರು.

ಸುಮ್ಮನೆ ಒಳಗೆ ಹೋಗಿದ್ದರೆ ಅಕ್ಕನಿಗೆ ಅನುಮಾನ ಬರುತ್ತಿತ್ತು. ಅದಕ್ಕೇ ಅವನು ಎಂದಿನಂತೆ ಭಾವನನ್ನು ದುರುಗುಟ್ಟಿ ನೋಡಿದ, ಹಿಂದಿನ ಕೋಣೆಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿಕೊಂಡ. ಲೆನ್ಸಿನ ಯಂತ್ರ ಹಾಕಿದ. ಉಜ್ಜಬೇಕಾದ ಲೆನ್ಸುಗಳು ತಟ್ಟೆಯಲ್ಲಿದ್ದವು.

ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಭುಜದ ಮೇಲೆ ಕೈಯಿಟ್ಟಳು. "ಬೇಜಾರು ಮಾಡ್ಕೋಬೇಡ್ವೋ. ನಾನೆಷ್ಟೋ ಹೇಳಿ ನೋಡಿದೆ. ಅವರು ಕೇಳಬೇಕಲ್ಲ."

ಅವಳ ಕೈ ಬೆಚ್ಚಗಿತ್ತು. "ಹೋಗ್ಲಿ ಬಿಡಕ್ಕ. ಅವರ ಬುದ್ಧಿ ಗೊತ್ತಿರೋದೇ ತಾನೇ," ಎಂದ.

ಭಾವ ಒಂದು ಸಲವೂ ಬೇಡ ಎಂದಿರಲಿಲ್ಲ ಎಂಬುದು ತನಗೆ ಗೊತ್ತಿದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ.