ಎಡಗೈಯ ಸಹಿ

ಡಿಸೆಂಬರ್ ತಿಂಗಳ ಒಂದು ಗುರುವಾರ ಬೆಳಿಗ್ಗೆ, ಎಂಬತ್ತೊಂದು ವರ್ಷದ ಓಜೆಲ್ ಪೆಟ್ವೇ ತನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ತಾನು ತಾನಲ್ಲವೆಂದು ಸಾರುವ ಕಾಗದವೊಂದನ್ನು ಮೂರನೆಯ ಸಲ ಓದುತ್ತಿದ್ದ. ಇನ್ನೂರ ಹದಿನಾಲ್ಕನೆಯ ಹಾಳೆ, ಮೊದಲನೆಯ ಸಾಲು: ಇದು ಪೆಟ್ವೇ ಅವರ ಸಹಿಯಲ್ಲ. ಒಲೆಯ ಮೇಲೆ ಕಾಫಿ ಉಕ್ಕಿ ಹರಿದದ್ದೂ ಅವನಿಗೆ ತಿಳಿಯಲಿಲ್ಲ.

"ಓದಿದ್ದನ್ನೇ ಎಷ್ಟು ಸಲ ಓದ್ತೀರಿ, ಕ್ಯಾಪ್ಟನ್? ಓದಿ ಓದಿ ಅಳಿಸಿಹಾಕ್ತೀರಾ?" ಎನ್ನುತ್ತ ವರ್ನಿಟಾ ಹ್ಯಾಚರ್ ಎದ್ದು ಒಲೆ ಆರಿಸಿದಳು.

ಶಿಕಾಗೋ ನಗರದ ಮೇಯರ್ ಪದವಿಗೆ ನಿಂತಿದ್ದವಳು ಈ ವರ್ನಿಟಾ. ಹತ್ತೊಂಬತ್ತು ವರ್ಷ ಓಜೆಲ್‌ನ ಬೀದಿಯ ಬಸ್ಸನ್ನು ಓಡಿಸಿದವಳು. ಯಾವ ಮುದುಕಿ ಯಾವ ಮೆಟ್ಟಿಲ ಬಳಿ ಉಸಿರು ತೆಗೆದುಕೊಳ್ಳುತ್ತಾಳೆಂಬುದನ್ನು ಬಲ್ಲವಳು. ಕಳೆದ ವರ್ಷ ಮೇಯರ್ ಗಾರ್ವಿನ್ ಸ್ಟ್ರೌಡ್ ಆ ಬಸ್ಸನ್ನು ನಿಲ್ಲಿಸಿದ. ಮೂತ್ರಪಿಂಡದ ಚಿಕಿತ್ಸೆಗೆಂದು ವಾರಕ್ಕೆ ಮೂರು ಸಲ ಹೋಗಬೇಕಾದವರು ಹಿಮ ತುಳಿಯುತ್ತ ಒಂಬತ್ತು ಬೀದಿ ನಡೆಯತೊಡಗಿದರು. ಬಸ್ಸು ಹೋಯಿತು, ಬಸ್ಸಿನವಳು ಚುನಾವಣೆಗೆ ಬಂದಳು. ಕಣದಲ್ಲಿ ಗೋದಾಮುಗಳ ಒಡೆಯ ವೆಂಡೆಲ್ ಕ್ರೌಸ್ ಎಂಬ ಮೂರನೆಯವನೊಬ್ಬನಿದ್ದ. ಟಿ.ವಿ.ಯಲ್ಲಿ ಗಂಟೆಗೊಮ್ಮೆ ಬಂದು ನಗುತ್ತಿದ್ದ. ಅವನ ಕಾಗದಗಳ ತಂಟೆಗೆ ಯಾರೂ ಹೋಗಲಿಲ್ಲ. ಅವನ ಹಿಂದೆ ಹನ್ನೊಂದು ಮಂದಿ ವಕೀಲರಿದ್ದರು. ವರ್ನಿಟಾಳ ಹಿಂದೆ ಇದ್ದದ್ದು ಓಜೆಲ್‌ನಂಥವರು.

ಮೇಯರ್ ಆಗಬಯಸುವವರು ಮೊದಲು ಹನ್ನೆರಡೂವರೆ ಸಾವಿರ ಮತದಾರರ ಸಹಿ ತರಬೇಕು. ತಂದ ಮೇಲೆ ಎದುರಾಳಿಯ ಕಡೆಯವರು ಒಂದೊಂದು ಸಹಿಯನ್ನೂ ಮತದಾರರ ಹಳೆಯ ಕಾರ್ಡಿನ ಪಕ್ಕದಲ್ಲಿಟ್ಟು, ಹೊಂದದ್ದನ್ನು ಹೊಡೆದುಹಾಕಿಸಬಹುದು. ಮೂರು ವಾರ ಹೀಗೆ ಜರಡಿ ಹಿಡಿದ ಮೇಲೆ ವರ್ನಿಟಾಳಿಗೆ ಒಂಬತ್ತು ಸಹಿ ಕಡಿಮೆ ಬಿದ್ದಿತ್ತು. ಓಜೆಲ್ ತಂದ ಹಾಳೆಗಳಲ್ಲಿ ಹೊಡೆದುಹಾಕಿದ್ದು, ಅವನದೂ ಸೇರಿ, ಹನ್ನೊಂದು. ಶುಕ್ರವಾರ ಮಧ್ಯಾಹ್ನದ ವಿಚಾರಣೆಯೊಳಗೆ ಅವರಲ್ಲಿ ಒಂಬತ್ತು ಮಂದಿ ನೋಟರಿಯ ಎದುರಿಗೆ "ಈ ಸಹಿ ನನ್ನದೇ" ಎಂದು ಪ್ರಮಾಣ ಮಾಡಬೇಕು. ಇಲ್ಲವಾದರೆ ಫೆಬ್ರವರಿಯ ಮತಪತ್ರದಲ್ಲಿ ಅವಳ ಹೆಸರಿರುವುದಿಲ್ಲ.

ಈ ಜರಡಿಯ ವಿದ್ಯೆ ಓಜೆಲ್‌ಗೆ ಹೊಸದಲ್ಲ. ಮೂವತ್ತೆಂಟು ವರ್ಷ ಅವನು ವಾರ್ಡಿನಲ್ಲಿ ಆಳುವ ಪಕ್ಷಕ್ಕೆ ಮನೆಮನೆಯ ಮತ ಕೂಡಿಸುವ ಕ್ಯಾಪ್ಟನ್ ಆಗಿದ್ದ. ನಾಲ್ಕು ಬೀದಿಗಳ ಪ್ರತಿ ಬಾಗಿಲೂ ಅವನ ಬೆರಳ ಗೆಣ್ಣಿನ ಸದ್ದನ್ನು ಗುರುತಿಸುತ್ತಿತ್ತು. ಚುನಾವಣೆಯ ಚಳಿಗಾಲಗಳಲ್ಲಿ ಅವನೂ ನಗರದ ನಡುವಿನ ಚುನಾವಣಾ ಕಚೇರಿಯ ನೆಲಮಾಳಿಗೆಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದ. ಎಷ್ಟೋ ಜನರ ಹೆಸರುಗಳನ್ನು ಹೊಡೆದು ಮಂಜಿನೊಳಕ್ಕೆ ಕಳುಹಿಸಿದ್ದ. ಈಗ ಸ್ಟ್ರೌಡ್‌ಗಾಗಿ ವಾರ್ಡಿನ ಪಕ್ಷವನ್ನು ನಡೆಸುವ ರಾಯ್ಸ್ ಟ್ಯಾಲಿಗೆ ಕೈಹಿಡಿದು ಕಲಿಸಿದವನೂ ಅವನೇ: "ಕಣ್ಣು ಕಾರ್ಡಿನ ಮೇಲಿರಲಿ, ಮಗನೇ. ಮುಖದ ಮೇಲಲ್ಲ."

ಐದು ವರ್ಷದ ಹಿಂದೆ ಓಜೆಲ್‌ಗೆ ಲಕ್ವ ಹೊಡೆದು ಬಲಗೈ ಸೇದಿಹೋಯಿತು. ಆಸ್ಪತ್ರೆಯಲ್ಲಿ ರಾಯ್ಸ್ ದಿನವೂ ಬಂದು ಸೂಪು ಕುಡಿಸಿದ್ದ, ಎಡಗೈಗೆ ಪೆನ್ನು ಕೊಟ್ಟು ಬರೆಯಿಸಿದ್ದ. ಆ ಋಣವನ್ನು ಓಜೆಲ್ ಮರೆತಿರಲಿಲ್ಲ. ಆದರೆ ಬಸ್ಸಿನ ವಿಷಯ ಕೇಳಲೆಂದು ಪಕ್ಷದ ಕಚೇರಿಗೆ ಹೋದಾಗ ಅದೇ ರಾಯ್ಸ್ ನಗುತ್ತ ಪಕ್ಷದವರು ಹಂಚುವ ಟರ್ಕಿ ಕೋಳಿಯೊಂದನ್ನು ಅವನ ಕೈಗಿತ್ತು ಕಳುಹಿಸಿದ. ಬಸ್ಸು ಕೇಳಿದವನಿಗೆ ಕೋಳಿ! ಮರುದಿನ ಓಜೆಲ್ ವರ್ನಿಟಾಳ ಸಹಿಹಾಳೆಗಳನ್ನು ಹಿಡಿದು ಬೀದಿಗಿಳಿದಿದ್ದ.

"ಮಗಳೇ, ನೀನು ಕಚೇರಿಗೆ ಹೋಗು," ಎಂದು ಅವನು ಎದ್ದ. "ಒಂಬತ್ತು ತಾನೇ? ನಾನು ತರ್ತೀನಿ."

"ಈ ಚಳೀಲಾ?"

"ಚಳಿಗೂ ನಂಗೂ ಹಳೇ ಪರಿಚಯ. ಅದು ನನ್ನ ಸಹಿ ಕೇಳಲ್ಲ."

ಜೊತೆಗೆ ನೋಟರಿ ಬೇಕಿತ್ತು. ಮೂಲೆಯಲ್ಲಿ ಕೂದಲು ಅಲಂಕರಿಸುವ ಅಂಗಡಿ ಇಟ್ಟಿದ್ದ ಅರ್ಲೀನ್ ಬಗ್ಸ್ ಆ ನಾಲ್ಕು ಬೀದಿಗೂ ನೋಟರಿ. ಹೆಂಗಸೊಬ್ಬಳ ತಲೆಗೆ ಬಣ್ಣ ಹಚ್ಚಿ ಕೂರಿಸಿದ್ದವಳು ಓಜೆಲ್‌ನನ್ನು ಕಂಡವಳೇ ಮುದ್ರೆಯನ್ನು ಕೋಟಿನ ಜೇಬಿಗಿಳಿಸಿದಳು.

"ನನ್ನ ತಲೆ?" ಎಂದಳು ಕೂತವಳು.

"ಎಲ್ಲೂ ಹೋಗಲ್ಲ, ಕತ್ತಿನ ಮೇಲೇ ಇರುತ್ತೆ. ನಲವತ್ತು ನಿಮಿಷ ಬಿಟ್ಟು ತೊಳ್ಕೋ."

ಮೊದಲು ಅಂಗಡಿಯಲ್ಲೇ ಓಜೆಲ್ ತನ್ನ ಪ್ರಮಾಣಪತ್ರಕ್ಕೆ ಸಹಿ ಹಾಕಿದ. ನಿರ್ಜೀವವಾದ ಬಲಗೈಯನ್ನು ಎಡಗೈಯಿಂದ ಎತ್ತಿ ಕಾಗದದ ಮೇಲೆ ಭಾರವಾಗಿಟ್ಟು, ಆಮೇಲೆ ಎಡಗೈಯಿಂದ ಬರೆದ. ಅಕ್ಷರಗಳು ಗಾಳಿಗೆ ಸಿಕ್ಕ ಬೇಲಿಯಂತೆ ಒಂದೊಂದು ಕಡೆಗೆ ವಾಲಿದವು.

"ಕೋಳಿ ಕೆದರಿದ ಹಾಗಿದೆ," ಎಂದಳು ಅರ್ಲೀನ್, ಮುದ್ರೆ ಒತ್ತುತ್ತ.

"ರಾಯ್ಸ್ ಕೊಟ್ಟ ಕೋಳಿ ಇರಬೇಕು."

ಬೀದಿಯ ಅಂಚಿನಲ್ಲಿ, ಹಿಮ ಬಾಚಿ ಕಾರಿಗೆ ಜಾಗ ಮಾಡಿಕೊಂಡವರು ಅಲ್ಲಿ ಅಡುಗೆಮನೆಯ ಮುರುಕು ಕುರ್ಚಿಗಳನ್ನು ಕಾವಲಿಗಿಟ್ಟು ಹೋಗಿದ್ದರು. ಯಾರೂ ಕೂರದ ಆ ಕುರ್ಚಿಗಳ ಸಾಲಿನ ಪಕ್ಕದಲ್ಲೇ ಇಬ್ಬರೂ ಬಾಗಿಲಿಂದ ಬಾಗಿಲಿಗೆ ನಡೆದರು. ಹೆಚ್ಚಿನವರು ಬೈಯುತ್ತಲೇ ಸಹಿ ಹಾಕಿದರು. ತೊಂಬತ್ತು ದಾಟಿದ ಮಿಸ್ ಲುವೀನಿಯಾ ಕಾಗದವನ್ನು ಕಣ್ಣಿಗಂಟಿಸಿಕೊಂಡು ಓದಿ, "ನಾನು ನಾನಲ್ವಂತಾ? ಹಾಗಿದ್ರೆ ಅರವತ್ತು ವರ್ಷ ನನ್ನ ಗಂಡನ್ನ ಸಹಿಸಿಕೊಂಡೋಳು ಯಾರಂತೆ?" ಎಂದು ಕೇಳಿದಳು.

ಪಟ್ಟಿಯಲ್ಲಿದ್ದ ಕ್ಲೀಟಸ್ ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದ. ಅವನ ಮಗಳಿಗೆ ನಗರಸಭೆಯಲ್ಲಿ ಕೆಲಸವಿತ್ತು, ಕೊಡಿಸಿದವನು ರಾಯ್ಸ್.

"ಕ್ಯಾಪ್ಟನ್, ನೀವೇ ಹೇಳಿ. ನೀವು ನನ್ನ ಜಾಗದಲ್ಲಿದ್ದಿದ್ರೆ?"

ಓಜೆಲ್ ಕಾಗದವನ್ನು ಜೇಬಿಗಿಳಿಸಿದ. ಇಂಥ ಭಯದ ಮೇಲೇ ತಾನು ಮೂವತ್ತೆಂಟು ವರ್ಷ ಮನೆ ಕಟ್ಟಿದ್ದೆನೆಂಬುದು ಅವನಿಗೆ ಗೊತ್ತಿತ್ತು. "ಬಾಗಿಲು ಹಾಕ್ಕೊಳ್ಳಪ್ಪ, ಚಳಿ ಒಳಗೆ ಬರುತ್ತೆ," ಎಂದು ಇಳಿದುಬಿಟ್ಟ.

ಮಧ್ಯಾಹ್ನ ಮೂರರ ಹೊತ್ತಿಗೆ ಓಜೆಲ್‌ನದ್ದು ಬಿಟ್ಟು ಎಂಟು ಪ್ರಮಾಣಪತ್ರಗಳಾಗಿದ್ದವು. ಉಳಿದದ್ದು ರೂಫಸ್ ವಿಗ್ಗಿನ್ಸ್‌ನ ಮನೆ, ಹಾಳೆಯ ಏಳನೆಯ ಸಾಲು. ಆ ಮನೆಯ ಮೆಟ್ಟಿಲನ್ನು ಓಜೆಲ್ ನಿಧಾನವಾಗಿ ಹತ್ತಿದ, ಮೊಣಕಾಲಿನ ನೋವಿಗಲ್ಲ. ಸೆಪ್ಟೆಂಬರಿನಲ್ಲಿ ಸಹಿಗೆಂದು ಬಂದಿದ್ದಾಗ ರೂಫಸ್ ಸ್ನಾನದ ಮನೆಯಲ್ಲಿದ್ದ. ಹೆಂಡತಿ ಓಡೆಸ್ಸಾ, "ಅವರದ್ದೂ ನಾನೇ ಗೀಚ್ತೀನಿ, ಐವತ್ತು ವರ್ಷದಿಂದ ಅವರ ಚೆಕ್ಕಿಗೂ ನಾನೇ ಗೀಚ್ತಿರೋದು" ಎಂದಿದ್ದಳು. ಪೀಚ್ ಹಣ್ಣಿನ ಕಡುಬು ತಿನ್ನುತ್ತಿದ್ದ ಓಜೆಲ್ ಬೇಡವೆನ್ನಲಿಲ್ಲ. ಬೇರೆಯವರ ಹಾಳೆಗಳಲ್ಲಿ ಇಂಥದನ್ನು ಹುಡುಕಿ ಹುಡುಕಿ ಹೊಡೆದವನು, ತನ್ನ ಹಾಳೆಯ ಕೆಳಗೆ "ಎಲ್ಲರೂ ನನ್ನೆದುರೇ ಸಹಿ ಹಾಕಿದ್ದಾರೆ" ಎಂದು ಪ್ರಮಾಣ ಮಾಡಿದ್ದ.

"ತಗೊಂಡ್ಬಾ ಪೆನ್ನು," ಎಂದ ರೂಫಸ್. "ನಂದೇ ಅಂತ ಹೇಳ್ತೀನಿ. ಯಾರು ನೋಡೋಕೆ ಬಂದಿದ್ರು?"

"ನಾನು ನೋಡಿದ್ನಲ್ಲ," ಎಂದ ಓಜೆಲ್. "ನಿನ್ನ ಕೈಲಿ ಸುಳ್ಳು ಆಣೆ ಹಾಕಿಸಲ್ಲ, ರೂಫಸ್. ತಪ್ಪು ನಂದು. ಸೋಪಿನ ನೊರೆ ತೊಳ್ಕೊಂಡು ಬರೋ ತನಕ ಕಾಯ್ಬೇಕಿತ್ತು."

ಹೊರಗೆ ಬಂದ ಮೇಲೆ ಅರ್ಲೀನ್ ತಡೆದು ನಿಲ್ಲಿಸಿದಳು. "ಏ ಮುದುಕಾ, ಎಂಟು ಮತ್ತೆ ನಿಂದು ಒಂದು. ಸರಿಯಾಗಿ ಒಂಬತ್ತು. ನಾಳೆ ನಿಂದು ಬಿದ್ರೆ ಎಲ್ಲಾ ಬಿತ್ತು. ಈ ಏಳನೇ ಸಾಲಿನ ಸುದ್ದಿ ಅಲ್ಲಿ ಬಾಯಿಬಿಡಬೇಡ. ಬಿಟ್ಯೋ, ನಿನ್ನ ಹಾಳೆಗಳನ್ನೆಲ್ಲ ಕಿತ್ತುಹಾಕಿ ಅಂತಾರೆ."

"ಕೇಳಿದ್ರೆ?"

"ಕೆಮ್ಮು."

ಶುಕ್ರವಾರ ನೆಲಮಾಳಿಗೆಯ ಆ ಕೋಣೆ ಹಾಗೇ ಇತ್ತು: ಅದೇ ಬಿಳಚು ದೀಪ, ಅದೇ ಒದ್ದೆ ಉಣ್ಣೆಯ ವಾಸನೆ. ಆದರೆ ಓಜೆಲ್ ಈ ಸಲ ಮೇಜಿನ ಆಚೆಗಿದ್ದ. ಎದುರಿಗೆ ರಾಯ್ಸ್ ಟ್ಯಾಲಿ, ಅವನ ಪಕ್ಕದಲ್ಲಿ ಹೊಳೆಯುವ ಬೂಟಿನ ವಕೀಲ. ನಡುವೆ ವಿಚಾರಣಾಧಿಕಾರಿ, ಕನ್ನಡಕವನ್ನು ಸರಪಳಿಗೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡಿದ್ದ ಹೆಂಗಸು. ಎಂಟು ಪ್ರಮಾಣಪತ್ರಗಳನ್ನು ಆಕೆ ಒಪ್ಪಿಕೊಂಡರು. ಒಂಬತ್ತನೆಯದಕ್ಕೆ ವಕೀಲ ಎದ್ದು ನಿಂತ.

ಪರದೆಯ ಮೇಲೆ ಓಜೆಲ್‌ನ ಕಾರ್ಡು ಮೂಡಿತು. ಇಪ್ಪತ್ತೊಂದರ ಹರೆಯದಲ್ಲಿ ಹಾಕಿದ ಸಹಿ. ಹಾಯಿ ಬಿಚ್ಚಿದ ಹಡಗಿನಂಥ ಆ ಮೊದಲಕ್ಷರವನ್ನು ಅವನು ಸತ್ತ ಗೆಳೆಯನ ಚಿತ್ರವನ್ನು ನೋಡುವಂತೆ ನೋಡಿದ.

"ಹಾಳೆ ಮೇಲಿರೋದು ಇದಕ್ಕೆ ಹೊಂದಲ್ಲ, ಪ್ರಮಾಣಪತ್ರದ್ದೂ ಹೊಂದಲ್ಲ," ಎಂದ ವಕೀಲ. "ಯಜಮಾನ್ರೇ, ನಿಮ್ಮ ಹಾಳೆಗಳಲ್ಲಿರೋ ಸಹಿಗಳೆಲ್ಲ ಆಯಾ ಜನರೇ ಹಾಕಿದ್ದು ಅಂತ ಆಣೆ ಮಾಡಿ ಹೇಳ್ತೀರಾ?"

ಹಿಂದಿನ ಬೆಂಚಿನಲ್ಲಿ ಅರ್ಲೀನ್ ಜೋರಾಗಿ ಕೆಮ್ಮಿದಳು.

ಓಜೆಲ್ ಕೆಮ್ಮಲಿಲ್ಲ. "ಇಲ್ಲ. ಏಳನೇ ಸಾಲು ರೂಫಸ್‌ನ ಹೆಂಡತಿ ಹಾಕಿದ್ದು. ನಾನು ನೋಡ್ತಾ ಕೂತಿದ್ದೆ. ನೀವು ಹೊಡೆದದ್ದು ಸರಿ. ಅದಕ್ಕೆ ಕಾಗದ ತಂದಿಲ್ಲ. ಉಳಿದೋರೆಲ್ಲ ಅವರವರ ಕೈಯಿಂದಲೇ ಹಾಕಿದ್ದು. ನಂದೂ ಸೇರಿ."

ವರ್ನಿಟಾ ಕಣ್ಣು ಮುಚ್ಚಿಕೊಂಡಳು. ವಕೀಲನ ದನಿ ಏರಿತು. "ಕೇಳಿದ್ರಾ? ಬಾಯಾರೆ ಒಪ್ಪಿಕೊಂಡ್ರು! ಇವರ ಹಾಳೆಗಳನ್ನೆಲ್ಲ ವಜಾ ಮಾಡ್ಬೇಕು!"

"ಒಂದು ಸಾಲಿನ ತಪ್ಪಿಗೆ ಹಾಳೆಗಳನ್ನೆಲ್ಲ ತೆಗೆಯೋಕಾಗಲ್ಲ," ಎಂದರು ವಿಚಾರಣಾಧಿಕಾರಿ. "ಆ ಸಾಲು ಹೋಗಿದೆ, ಅದು ಅಲ್ಲಿಗೆ ಮುಗೀತು. ಇವರ ಸ್ವಂತ ಸಹಿಯ ಮಾತು ಹೇಳಿ."

ಹಿಡಿದ ಕೊಂಬೆ ಮುರಿದ ಸಿಟ್ಟು ವಕೀಲನ ಮುಖಕ್ಕೆ ಏರಿತು. "ಸರಿ. ಲಕ್ವ ಹೊಡೆದು ಐದು ವರ್ಷ ಆಯ್ತು ಅಂತ ಪ್ರಮಾಣಪತ್ರದಲ್ಲಿ ಬರೆಸಿದ್ದೀರಿ. ಈ ಎಡಗೈ ಸಹೀನ ಇದಕ್ಕೆ ಮುಂಚೆ ಎಲ್ಲಾದ್ರೂ ಹಾಕಿದ್ದೀರಾ? ಈ ಕಚೇರಿ ಕಂಡಿರೋ ಒಂದೇ ಒಂದು ಕಾಗದ ಇದೆಯಾ?"

ರಾಯ್ಸ್ ಥಟ್ಟನೆ ಅವನ ತೋಳನ್ನು ಜಗ್ಗಿದ. ಆದರೆ ಮಾತು ಬಾಯಿಂದ ಹೊರಬಿದ್ದಾಗಿತ್ತು.

ಓಜೆಲ್ ರಾಯ್ಸ್‌ನನ್ನೇ ನೋಡಿದ. ಆಸ್ಪತ್ರೆಯ ಆ ಕಿಟಕಿ, ಸೂಪಿನ ಬಟ್ಟಲು, ಬೆರಳುಗಳ ಸಂದಿಗೆ ಪೆನ್ನು ತೂರಿಸಿದ ಆ ಹರೆಯದ ಕೈ ನೆನಪಾದವು.

"ಒಂದಲ್ಲಪ್ಪ. ಮೂವತ್ತೊಂದಿವೆ. ನಾಲ್ಕು ವರ್ಷದ ಹಿಂದೆ ಮೇಯರ್ ಸ್ಟ್ರೌಡ್ ನಿಂತಾಗ ಅವರಿಗೆ ಸಹಿ ತಂದುಕೊಟ್ಟವನೂ ನಾನೇ. ಆ ಮೂವತ್ತೊಂದು ಹಾಳೆಗಳ ಕೆಳಗೂ ಈ ಕೋಳಿ ಕೆದರಿದ ಸಹಿಯೇ ಇದೆ. ಪಕ್ಕದಲ್ಲಿ ಕೂತು ಹಾಕಿಸಿದವನು ರಾಯ್ಸ್. ಆಗ ಅದು ನಂದಾಗಿತ್ತು. ಮೇಯರ್‌ಗೆ ಹಾಕಿದ್ರೆ ನನ್ನ ಕೈ, ಬಸ್ಸಿನೋಳಿಗೆ ಹಾಕಿದ್ರೆ ಯಾರ ಕೈ? ಅಮ್ಮಾ, ಆ ಹಾಳೆಗಳನ್ನ ತರಿಸಿ. ನಾನು ನಾನಲ್ಲ ಅನ್ನೋದಾದ್ರೆ, ಅವುಗಳ ಕೆಳಗೆ ಆಣೆ ಮಾಡಿದವನೂ ನಾನಲ್ಲ."

ಗುಮಾಸ್ತನೊಬ್ಬ ಮೇಲಿನ ಮಹಡಿಗೆ ಹೋಗಿಬಂದ. ಪರದೆಯ ಮೇಲೆ ಹಳೆಯ ಹಾಳೆಯೊಂದು ಮೂಡಿತು; ಕೆಳಗೆ, ಗಾಳಿಗೆ ಸಿಕ್ಕ ಬೇಲಿಯಂತೆ, ಅದೇ ಅಕ್ಷರಗಳು.

"ಟ್ಯಾಲಿ ಅವರೇ," ಎಂದರು ವಿಚಾರಣಾಧಿಕಾರಿ, "ಈ ಸಹಿ ಯಾರದ್ದು?"

ರಾಯ್ಸ್ ಮೊದಲ ಬಾರಿಗೆ ಕಾರ್ಡನ್ನು ಬಿಟ್ಟು ಓಜೆಲ್‌ನ ಮುಖವನ್ನು ನೋಡಿದ. "ಓಜೆಲ್ ಮಾಮನದ್ದು," ಎಂದ. "ತಕರಾರು ವಾಪಸ್ ತಗೋತೀವಿ."

ಹನ್ನೆರಡು ಸಾವಿರದ ಐನೂರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅರ್ಲೀನ್ ಹಿಂದಿನಿಂದ, "ನನ್ನ ಕೆಮ್ಮು ದಂಡವಾಯ್ತು!" ಎಂದು ಕೂಗಿದಳು. ವರ್ನಿಟಾ ಮುದುಕನ ಟೋಪಿಯನ್ನು ಎತ್ತಿ ಅವನ ತಲೆಯ ಮೇಲಿಟ್ಟಳು.

ಹೊರಡುವಾಗ ಗುಮಾಸ್ತ ಕರೆದು, ಕಾರ್ಡನ್ನು ಹೊಸದು ಮಾಡಿಸಿಕೊಂಡರೆ ಮುಂದೆ ಯಾರೂ ತಕರಾರು ತೆಗೆಯುವುದಿಲ್ಲವೆಂದ. ಓಜೆಲ್ ಕಾರ್ಡು ಮಾಡಿಸುವ ಕಿಟಕಿಯ ಮುಂದೆ ನಿಂತ. ಹಿಂದೆ ಸಾಲು ಬೆಳೆಯಿತು. ರಾಯ್ಸ್ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ, "ಫೆಬ್ರವರೀಲಿ ಅವಳು ಸೋಲ್ತಾಳೆ, ಮಾಮ," ಎಂದ.

"ಸೋಲಲಿ. ಜನ ಸೋಲಿಸಲಿ. ನಿನ್ನ ಪೆನ್ಸಿಲ್ ಸೋಲಿಸೋದು ಬೇಡ."

ನುಣುಪಾದ ಹಲಗೆಯ ಮೇಲೆ ಕಾರ್ಡು ಜಾರುತ್ತಿತ್ತು. ಹಳೆಯ ಅಭ್ಯಾಸದಂತೆ ರಾಯ್ಸ್ ಕೈಚಾಚಿ ಅದರ ಅಂಚನ್ನು ಹಿಡಿದ.

"ಕೈ ತೆಗಿ, ಮಗನೇ."

ರಾಯ್ಸ್ ತೆಗೆದ. ಓಜೆಲ್ ತನ್ನ ಸತ್ತ ಬಲಗೈಯನ್ನು ಎತ್ತಿ ಕಾರ್ಡಿನ ಮೇಲೆ ಹೇರಿದ. ಅರವತ್ತು ವರ್ಷದ ಹಿಂದೆ ಹಾಯಿ ಬಿಚ್ಚಿದ ಕೈ ಈಗ ಲಂಗರಾಗಿ ಕೂತಿತು. ಸಾಲಿನಲ್ಲಿ ಯಾರೋ ಗೊಣಗಿದರು. ಅವನು ಅವಸರ ಮಾಡಲಿಲ್ಲ. ಒಂದು ಅಕ್ಷರ ಮುಗಿಸಿ, ಉಸಿರು ತೆಗೆದುಕೊಂಡು, ಇನ್ನೊಂದಕ್ಕೆ ಕೈ ಹಾಕಿದ.